ಮನೆಯ ಇಂಧನ ಉಳಿತಾಯ: ಲಾಭವೆಷ್ಟು, ಗಂಡಾಂತರ ಎಲ್ಲಿ?

(ರೈತರ ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ರಾಗಿ, ಕಬ್ಬು, ರೇಷ್ಮೆಗೂಡಿನ ಬೆಲೆ ಮಾತಾಡೋ ಕಡೆ ಇವನು ಒಲೆ, ಬಲ್ಬಿನ ವಿಚಾರ ಯಾಕೆ ತಂದ ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಕಾರಣ ಇದೆ. ನಾವು ಬೆಳೆದದ್ದರ ಬೆಲೆ ನಮ್ಮ ಕೈಯಲ್ಲಿಲ್ಲ. ಗೊಬ್ಬರದ ಬೆಲೆ, ಡೀಸೆಲ್ ಬೆಲೆ, ಬಡ್ಡಿ ದರ ಯಾವುದೂ ನಮ್ಮ ಕೈಯಲ್ಲಿಲ್ಲ. ಮನೆಯೊಳಗೆ ಎಷ್ಟು ಉರಿಸುತ್ತೇವೆ ಅನ್ನೋದು ಮಾತ್ರ ಸ್ವಲ್ಪ ನಮ್ಮ ಕೈಯಲ್ಲಿದೆ. ಹಾಗಾಗಿ ಅದರ ಲೆಕ್ಕವನ್ನು ಇನ್ನೊಬ್ಬರು ಹಾಕಿಕೊಡುವ ಮೊದಲು ನಾವೇ ಹಾಕಿಕೊಳ್ಳಬೇಕು.

ಎರಡನೇ ಕಾರಣ ಇನ್ನೂ ದೊಡ್ಡದು. 'ಇಂಧನ ಉಳಿಸಿ' ಎಂಬ ಮಾತು ಈಗ ಹಳ್ಳಿಗೆ ಬರಿಗೈಯಲ್ಲಿ ಬರುವುದಿಲ್ಲ, ಸಾಮಾನು ಹೊತ್ತುಕೊಂಡು ಬರುತ್ತದೆ. ಸಾಮಾನಿನ ಹಿಂದೆ ಏಜೆಂಟ್, ಏಜೆಂಟನ ಹಿಂದೆ ಸಾಲದ ಅರ್ಜಿ. ಉಳಿತಾಯ ಒಳ್ಳೆಯದು, ಅದರಲ್ಲಿ ಅನುಮಾನ ಬೇಡ. ಆದರೆ ಉಳಿದದ್ದು ಯಾರ ಜೇಬಿಗೆ ಹೋಯಿತು, ಅದಕ್ಕಾಗಿ ಮನೆಯವರು ಯಾವ ಅಪಾಯ ತಲೆ ಮೇಲೆ ಹಾಕಿಕೊಂಡರು ಎಂದು ಕೇಳದೆ ಒಪ್ಪಿಕೊಳ್ಳುವುದು ಜಾಣತನವಲ್ಲ.

ಖರ್ಚಿಲ್ಲದ ಉಳಿತಾಯ

ಮೊದಲು ಸುಲಭದ್ದನ್ನು ಹೇಳಿಬಿಡುತ್ತೇನೆ. ನಿಮ್ಮ ಮನೆಯಲ್ಲಿ ಇನ್ನೂ 60 ವ್ಯಾಟಿನ ಹಳೇ ಬಲ್ಬು ನಾಲ್ಕು ಇದ್ದು, ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 36 ಯೂನಿಟ್ ಆಗುತ್ತದೆ. ಅದೇ ಜಾಗದಲ್ಲಿ 9 ವ್ಯಾಟಿನ ಎಲ್‌ಇಡಿ ಹಾಕಿದರೆ ಐದೂವರೆ ಯೂನಿಟ್ ಕೂಡ ಆಗುವುದಿಲ್ಲ. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಶುರುವಾದ ಮೇಲೆ ಈ ಬಲ್ಬಿನ ಬೆಲೆ ಇಳಿದು ಎಲ್ಲರ ಕೈಗೆ ಸಿಗುವಂತಾಯಿತು. ಇದಕ್ಕೆ ಸಾಲ ಬೇಡ, ಅರ್ಜಿ ಬೇಡ. ಅದಕ್ಕೂ ಮುಂಚೆ ಬಂದಿದ್ದ ಸುರುಳಿ ಆಕಾರದ ಸಿಎಫ್‌ಎಲ್ ದೀಪಗಳು ಎಷ್ಟೋ ಮನೆಗಳ ಅಟ್ಟದಲ್ಲಿ ಬಿದ್ದಿವೆ. ಅದರೊಳಗೆ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ. ಒಡೆದರೆ ಕಿಟಕಿ ಬಾಗಿಲು ತೆರೆದು, ಮಕ್ಕಳನ್ನು ಆಚೆ ಕಳಿಸಿ, ಚೂರನ್ನು ರಟ್ಟಿನಲ್ಲಿ ಎತ್ತಿ ಮುಚ್ಚಿಡಬೇಕು. ಪೊರಕೆಯಿಂದ ಗುಡಿಸಿ ತಿಪ್ಪೆಗೆ ಹಾಕಬೇಡಿ. ತಿಪ್ಪೆ ಹೋಗುವುದು ಹೊಲಕ್ಕೆ, ಹೊಲದ್ದು ಬರುವುದು ತಟ್ಟೆಗೆ.

ಬಲ್ಬಿಗಿಂತ ದೊಡ್ಡ ಬಾಯಿ ಬಚ್ಚಲುಮನೆಯಲ್ಲಿದೆ. 20 ಲೀಟರ್ ಬಕೆಟ್ ನೀರನ್ನು ಸ್ನಾನಕ್ಕೆ ಆಗುವಷ್ಟು ಕಾಯಿಸಲು ಕಾಯಿಲ್ ಹಾಕಿದರೆ ಸುಮಾರು ಅರ್ಧ ಯೂನಿಟ್ ಬೇಕು. ಐದು ಜನರ ಮನೆಗೆ ದಿನಕ್ಕೆ ಎರಡೂವರೆ, ತಿಂಗಳಿಗೆ 75 ಯೂನಿಟ್. ಮನೆಯ ದೀಪಗಳೆಲ್ಲ ಸೇರಿದರೂ ಇಷ್ಟಾಗುವುದಿಲ್ಲ. ಹಂಡೆ ಒಲೆಗೆ ತೆಂಗಿನ ಗರಿ, ಮಟ್ಟೆ, ಹಿಪ್ಪುನೇರಳೆ ಕಡ್ಡಿ ಇರುವ ಮನೆಯಲ್ಲಿ ಈ ಖರ್ಚೇ ಇಲ್ಲ. ಇದ್ದದ್ದನ್ನು ಬಿಟ್ಟು ಕಾಯಿಲ್ಲಿಗೆ ಹೋದವರು ಒಮ್ಮೆ ಯೋಚನೆ ಮಾಡಿ. ಬೇಳೆ ಕಾಳು ನೆನೆಹಾಕುವುದು, ಪಾತ್ರೆಗೆ ಮುಚ್ಚಳ ಹಾಕುವುದು, ಕುದಿ ಬಂದ ಮೇಲೆ ಉರಿ ಇಳಿಸುವುದು, ಇವೆಲ್ಲ ನಮ್ಮ ಹೆಣ್ಣುಮಕ್ಕಳಿಗೆ ಭಾಷಣ ಮಾಡಿ ಹೇಳಬೇಕಾದ ವಿಷಯವಲ್ಲ. ಗಂಡಸರಿಗೆ ಹೇಳಬೇಕಾದದ್ದು ಇಷ್ಟೆ: ಕುಕ್ಕರಿನ ರಬ್ಬರು ಹಳೆಯದಾಗಿ ಹಬೆ ಸೋರುತ್ತಿದ್ದರೆ ಸಂತೆಗೆ ಹೋದಾಗ ಹೊಸದು ತನ್ನಿ.

ಬೆರಣಿಯ ಲೆಕ್ಕ

ಈಗ ರೈತನ ಲೆಕ್ಕಕ್ಕೆ ಬರೋಣ. ಒಂದು ದನ ದಿನಕ್ಕೆ ಸುಮಾರು 10 ಕಿಲೋ ಸಗಣಿ ಕೊಡುತ್ತದೆ. ನಾಲ್ಕು ದನದಿಂದ ವರ್ಷಕ್ಕೆ ಹದಿನಾಲ್ಕೂವರೆ ಟನ್. ಹಸಿ ಸಗಣಿಯಲ್ಲಿ ಸಾರಜನಕ ಸಾವಿರಕ್ಕೆ ಮೂರು ಪಾಲು ಅಂತ ಹಿಡಿದರೂ 44 ಕಿಲೋ ಆಯಿತು. ಅಂದರೆ ಎರಡು ಮೂಟೆ ಯೂರಿಯಾದಲ್ಲಿ ಇರುವಷ್ಟು. ಬೆರಣಿ ತಟ್ಟಿ ಒಲೆಗೆ ಹಾಕಿದಾಗ ಆ ಸಾರಜನಕ ಹೊಗೆಯ ಜೊತೆ ಹೋಯಿತು. ಮಣ್ಣಿಗೆ ಸೇರಬೇಕಾಗಿದ್ದ ಸಾವಯವ ಅಂಶವೂ ಹೋಯಿತು. ಬೂದಿಯಲ್ಲಿ ಉಳಿಯುವುದು ಪೊಟ್ಯಾಷ್, ರಂಜಕ ಅಷ್ಟೆ. ಹೊಲದ ಗೊಬ್ಬರವನ್ನು ಒಲೆಯಲ್ಲಿ ಸುಟ್ಟು, ಅದೇ ಗೊಬ್ಬರ ತರಲು ಸೊಸೈಟಿ ಮುಂದೆ ಸಾಲು ನಿಲ್ಲುತ್ತೇವೆ. ಇಂಧನದ ಲೆಕ್ಕವೂ ಸಾಲದ ಲೆಕ್ಕವೂ ಕೂಡುವ ಜಾಗ ಇದು.

ಅದಕ್ಕೇ ಗೋಬರ್ ಗ್ಯಾಸ್ ಒಳ್ಳೆಯದು. ಸಗಣಿಯಿಂದ ಉರಿಯೂ ಬರುತ್ತದೆ, ಬಗ್ಗಡದಲ್ಲಿ ಸಾರಜನಕ ಹೆಚ್ಚುಪಾಲು ಉಳಿದೂ ಇರುತ್ತದೆ. ಆದರೆ ಗುಂಡಿ ತೋಡಿಸುವ ಮುಂಚೆ ಕೊಟ್ಟಿಗೆ ಕಡೆ ನೋಡಿ. 2 ಘನ ಮೀಟರ್ ಅಳತೆಯ ಘಟಕಕ್ಕೆ ದಿನಕ್ಕೆ 50 ಕಿಲೋ ಸಗಣಿ, ಹೆಚ್ಚೂಕಡಿಮೆ ಅಷ್ಟೇ ನೀರು ಬೇಕು. ಪೂರ್ತಿ ನಡೆದರೆ ತಿಂಗಳಿಗೆ ಒಂದೂವರೆ ಸಿಲಿಂಡರಿಗೂ ಮೀರಿದ ಗ್ಯಾಸ್ ಸಿಗುತ್ತದೆ. ನಡೆಯಬೇಕಾದರೆ ಕಟ್ಟಿ ಮೇಯಿಸುವ ನಾಲ್ಕೈದು ದನ ಇರಬೇಕು. ಎರಡೇ ಹಸು ಇಟ್ಟುಕೊಂಡು ಸಹಾಯಧನದ ಆಸೆಗೆ ದೊಡ್ಡ ಗುಂಡಿ ಕಟ್ಟಿಸಿದರೆ ಅದು ಅರೆಹೊಟ್ಟೆಯಲ್ಲೇ ಇರುತ್ತದೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಊರಲ್ಲಿ ದಿನಕ್ಕೆ 50 ಲೀಟರ್ ನೀರು ಯಾರು ಹೊರುತ್ತಾರೆ ಅನ್ನೋದನ್ನೂ ಕೇಳಿಕೊಳ್ಳಿ. ಹೊರುವವಳು ಮನೆಯ ಹೆಂಗಸು. ಅವಳ ಬೆನ್ನಿನ ಮೇಲೆ ಮಾಡಿದ ಉಳಿತಾಯ ಉಳಿತಾಯವಲ್ಲ. ಬಗ್ಗಡವನ್ನು ಬಿಸಿಲಿಗೆ ಹರಡಿ ಒಣಗಿಸಿದರೆ ಸಾರಜನಕ ಹಾರಿಹೋಗುತ್ತದೆ. ಹಸಿಯಾಗೇ ಹೊಲಕ್ಕೆ ಬಿಡಿ, ಇಲ್ಲವೇ ಕಸಕಡ್ಡಿ ಸೇರಿಸಿ ಕಾಂಪೋಸ್ಟ್ ಮಾಡಿ.

ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಪುರ ಎಂಬ ಸಣ್ಣ ಹಳ್ಳಿಯ ಕಥೆ ಇಲ್ಲಿ ಹೇಳಲೇಬೇಕು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಾವು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಹುಟ್ಟಿತು. ಅವರು ಪುರದಲ್ಲಿ ಊರೊಟ್ಟಿನ ಗೋಬರ್ ಗ್ಯಾಸ್ ಘಟಕ ಕಟ್ಟಿದರು. ಅಡುಗೆಗೆ ಗ್ಯಾಸ್ ಕೊಡುವುದು ಮೊದಲ ಆಲೋಚನೆ. ಊರಿನ ಸಗಣಿ ಎಲ್ಲರ ಅಡುಗೆಗೆ ಸಾಲಲಿಲ್ಲ, ಕೆಲಸ ನಿಂತಿತು. ಆಮೇಲೆ ಜನರ ಜೊತೆ ಕೂತು ಮಾತಾಡಿ, ಅದೇ ಗ್ಯಾಸಿನಿಂದ ಎಂಜಿನ್ ನಡೆಸಿ 1987ರಿಂದ ಮನೆಗಳಿಗೆ ದೀಪವನ್ನೂ ಕೊಳವೆಬಾವಿಯ ನೀರನ್ನೂ ಕೊಟ್ಟರು. ಸಗಣಿ ತಂದವರಿಗೆ ತೂಕದ ಮೇಲೆ ಹಣ, ಬಗ್ಗಡ ವಾಪಸ್ಸು. ಅದು ಹಲವು ವರ್ಷ ನಡೆಯಿತು. ಇದರಿಂದ ಕಲಿಯಬೇಕಾದದ್ದೇನು? ಯಂತ್ರ ಒಳ್ಳೆಯದಿದ್ದರೆ ಸಾಲದು, ಊರಲ್ಲಿ ಎಷ್ಟಿದೆ, ಊರಿಗೆ ಏನು ಬೇಕು ಎಂಬ ಲೆಕ್ಕ ಸರಿಯಿರಬೇಕು. ಲೆಕ್ಕ ತಪ್ಪಿದಾಗ ನಿಂತಿತು, ಸರಿಯಾದಾಗ ನಡೆಯಿತು.

ಹೊಗೆಯಿಲ್ಲದ ಒಲೆ, ನಿಂತುಹೋದ ಒಲೆ

ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದಲ್ಲಿ ನೂರಕ್ಕೆ ಹತ್ತು-ಹದಿನೈದು ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ. ಮಿಕ್ಕದ್ದು ಗೋಡೆಗೆ, ಗಾಳಿಗೆ. ಇದೇ ಅಸ್ತ್ರ ವಿಭಾಗದವರು ಮೂರು ಪಾತ್ರೆ ಇಡುವ, ಹೊಗೆ ಕೊಳವೆ ಇರುವ ಅಸ್ತ್ರ ಒಲೆ ರೂಪಿಸಿದರು. ಕೇಂದ್ರ ಸರ್ಕಾರ 1980ರ ದಶಕದಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿ 2002ರಲ್ಲಿ ನಿಲ್ಲಿಸಿತು. ನಿಮ್ಮಲ್ಲಿ ವಯಸ್ಸಾದವರ ಮನೆಯಲ್ಲಿ ಆ ಒಲೆ ಇದ್ದಿರಬಹುದು. ಈಗ ಎಷ್ಟು ಉಳಿದಿವೆ?

ಯಾಕೆ ಉಳಿಯಲಿಲ್ಲ? ಕೊಳವೆಯಲ್ಲಿ ಮಸಿ ಕಟ್ಟಿದಾಗ ತೆಗೆಯುವವರಿಲ್ಲ. ಬಾಯಿ ಬಿರುಕು ಬಿಟ್ಟಾಗ ಮೆತ್ತುವವರಿಲ್ಲ. ದೊಡ್ಡ ಮುದ್ದೆ ಪಾತ್ರೆ ಕೂರಲಿ ಅಂತ ಒಲೆಯ ಬಾಯನ್ನೇ ಒಡೆದು ದೊಡ್ಡದು ಮಾಡಿದ್ದೂ ಉಂಟು. ಒಡಿಶಾದ ಹಳ್ಳಿಗಳಲ್ಲಿ ಇಂಥ ಒಲೆ ಕೊಟ್ಟ ಮನೆಗಳನ್ನು ಮೂವರು ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ಗಮನಿಸಿ 2012ರಲ್ಲಿ ವರದಿ ಕೊಟ್ಟರು. ಅವರಲ್ಲಿ ಒಬ್ಬರು ಮುಂದೆ 2019ರಲ್ಲಿ ನೊಬೆಲ್ ಪಡೆದ ಎಸ್ತರ್ ಡುಫ್ಲೋ. ಮೊದಲ ವರ್ಷ ಹೆಂಗಸರ ಎದೆಗೆ ಹೋಗುವ ಹೊಗೆ ಕಡಿಮೆಯಾಯಿತು, ಆಮೇಲಿನ ವರ್ಷಗಳಲ್ಲಿ ವ್ಯತ್ಯಾಸವೇ ಇರಲಿಲ್ಲ. ಸೌದೆಯೂ ಉಳಿಯಲಿಲ್ಲ. ಒಲೆ ಕೊಟ್ಟವರು ರಿಪೇರಿ ಕಲಿಸದೆ ಹೋದರೆ ಇದೇ ಗತಿ.

ಇನ್ನೊಂದು ವಿಷಯ ಪಟ್ಟಣದ ತಜ್ಞರಿಗೆ ತಿಳಿಯದು, ನಿಮಗೆ ಗೊತ್ತು. ಒಲೆಯ ಮೇಲೆ ತೂಗುಹಾಕಿದ ಜೋಳದ ತೆನೆ, ಅಟ್ಟದ ಮೇಲಿನ ಬಿತ್ತನೆ ಬೀಜ, ಹುಲ್ಲು ಮಾಡಿನ ಗಳು, ಇವನ್ನೆಲ್ಲ ಹುಳದಿಂದ ಕಾಯುತ್ತಿದ್ದದ್ದು ಆ ಹೊಗೆಯೇ. ಹೊಗೆ ನಿಂತ ಮನೆಯಲ್ಲಿ ಬೀಜಕ್ಕೆ ನುಸಿ, ಗಳುವಿಗೆ ಹುಳ ಬರುತ್ತದೆ. ಹಾಗಂತ ಹೊಗೆಯನ್ನೇ ಇಟ್ಟುಕೊಳ್ಳಿ ಎಂದಲ್ಲ. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಡುಗೆಮನೆಯ ಕೆಮ್ಮಿಗಿಂತ ನುಸಿ ವಾಸಿ. ಆದರೆ ಒಲೆ ಬದಲಾಯಿಸುವಾಗ ಬೀಜ ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ, ಬೇರೆ ಕಡೆ ಇಡುವ ಏರ್ಪಾಡೂ ಆಗಬೇಕು.

ಕಣ್ಣಿಗೆ ಕಾಣದ ಯಮ

ಈಗ ಹೇಳುವುದನ್ನು ದಯವಿಟ್ಟು ಮನೆಗೆ ಹೋಗಿ ಎಲ್ಲರಿಗೂ ಹೇಳಿ. ನಮ್ಮ ಹಳೇ ಮನೆಗಳಲ್ಲಿ ಗವಾಕ್ಷಿ, ಬೆಳಕಿಂಡಿ ಇರುತ್ತಿದ್ದವು. ಹೆಂಚಿನ ಸಂದಿನಲ್ಲೂ ಗಾಳಿ ಆಡುತ್ತಿತ್ತು. ಈಗ ಆರ್‌ಸಿಸಿ ಮನೆ, ಒತ್ತಿ ಕೂರುವ ಕಿಟಕಿ. ಬಿಸಿ ಹೋಗಬಾರದು, ಸೊಳ್ಳೆ ಬರಬಾರದು ಅಂತ ಎಲ್ಲವನ್ನೂ ಮುಚ್ಚುತ್ತೇವೆ. ಮುಚ್ಚಿದ ಮನೆಯಲ್ಲಿ ಏನೇ ಉರಿದರೂ ಅದು ಮನುಷ್ಯನ ಉಸಿರಿನ ಪಾಲನ್ನು ತಿನ್ನುತ್ತದೆ.

ಗಾಳಿ ಸಾಲದೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅದು ರಕ್ತಕ್ಕೆ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಎಚ್ಚರ ತಪ್ಪುತ್ತದೆ. ಕರೆಂಟ್ ಬಿಲ್ ಉಳಿಸಲು ಬಚ್ಚಲುಮನೆಯೊಳಗೇ ಗ್ಯಾಸ್ ಗೀಜರ್ ಹಾಕಿಸಿ, ಕಿಟಕಿ ಮುಚ್ಚಿ ಸ್ನಾನಕ್ಕೆ ಹೋದವರು ಹೆಣವಾಗಿ ಹೊರಬಂದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಗೀಜರ್ ಬಚ್ಚಲಿನ ಹೊರಗೆ, ಗಾಳಿ ಆಡುವ ಕಡೆ ಇರಲಿ. ನೀರು ಮಾತ್ರ ಕೊಳವೆಯಲ್ಲಿ ಒಳಗೆ ಬರಲಿ. ಮಲೆನಾಡು, ಕೊಡಗಿನ ಕಡೆ ಚಳಿಗೆ, ಬಾಣಂತಿ ಕೋಣೆಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಹಾಕಿ ಮಲಗುವ ರೂಢಿಯಿದೆ. ಹೊಗೆಯಿಲ್ಲದ ಕೆಂಡ ಸುರಕ್ಷಿತ ಅಂತ ನಂಬುತ್ತಾರೆ. ಹೊಗೆ ಇಲ್ಲದಿದ್ದರೂ ಈ ಅನಿಲ ಇರುತ್ತದೆ. ಮಲಗುವ ಮುಂಚೆ ಕೆಂಡ ಹೊರಗೆ ಹೋಗಬೇಕು. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದರೆ ಮೊದಲು ಬಾಗಿಲು ಕಿಟಕಿ ತೆರೆಯಿರಿ, ಹೊರಗೆ ಬನ್ನಿ, ಆಮೇಲೆ ಆಸ್ಪತ್ರೆಗೆ ಹೊರಡಿ.

ಗೋಬರ್ ಗ್ಯಾಸ್ ಗುಂಡಿ ಕಟ್ಟಿಕೊಂಡಿದೆ ಅಂತ ಯಾರನ್ನೂ ಒಳಗೆ ಇಳಿಸಬೇಡಿ. ಅಲ್ಲಿ ಉಸಿರಾಡುವ ಗಾಳಿ ಇಲ್ಲ, ಸಾಲದ್ದಕ್ಕೆ ವಿಷಾನಿಲವೂ ಇರುತ್ತದೆ. ಇಳಿದವನು ಬಿದ್ದ ಅಂತ ಎತ್ತಲು ಹೋದ ತಮ್ಮ, ಅವನ ಹಿಂದೆ ಅಪ್ಪ, ಹೀಗೆ ಒಂದೇ ಗುಂಡಿಯಲ್ಲಿ ಒಂದು ಮನೆಯ ಗಂಡಸರೆಲ್ಲ ಹೋಗಿಬಿಡಬಹುದು. ಮೇಲಿಂದ ಕೋಲು ಹಾಕಿ, ನೀರು ಬಿಟ್ಟು, ಯಂತ್ರದಿಂದ ತೆಗೆಸಿ. ಹತ್ತಿರ ಬೀಡಿ ಬೇಡ.

ಮೂರನೆಯದು ಕಾಳಿಗೆ ಇಡುವ ಮಾತ್ರೆ. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗೆ ತೇವ ತಗುಲಿದರೆ ಫಾಸ್ಫೀನ್ ಎಂಬ ವಿಷಾನಿಲ ಏಳುತ್ತದೆ. ಗಾಳಿ ಆಡುತ್ತಿದ್ದ ಹಳೇ ಮನೆಯಲ್ಲೇ ಅದು ಅಪಾಯ, ಬಿಗಿಯಾಗಿ ಮುಚ್ಚಿದ ಮನೆಯಲ್ಲಿ ಮೂಟೆಯ ಪಕ್ಕ ಮಲಗಿದ ಮಕ್ಕಳಿಗೆ ಅದು ಸಾವು. ಜನ ಮಲಗುವ ಸೂರಿನಡಿ ಆ ಮಾತ್ರೆ ಇಡಲೇಬೇಡಿ.

ಮಾಳಿಗೆ ಮೇಲಿನ ಸಾಲ

ಇನ್ನು ಜೇಬಿನ ಅಪಾಯ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯಘರ್ ಯೋಜನೆ ತಂದಿತು. ಮಾಳಿಗೆ ಮೇಲೆ ಸೋಲಾರ್ ಹಲಗೆ ಹಾಕಿಸಿದರೆ 1 ಕಿಲೋವ್ಯಾಟಿಗೆ 30,000, 2 ಕಿಲೋವ್ಯಾಟಿಗೆ 60,000, 3 ಮತ್ತು ಅದಕ್ಕೂ ಮೇಲೆ 78,000 ರೂಪಾಯಿ ಸಹಾಯಧನ ಎಂದು ಗೊತ್ತುಮಾಡಿತು. ಉಳಿದದ್ದಕ್ಕೆ ಬ್ಯಾಂಕ್ ಸಾಲ. ಸೂರ್ಯ ಬಿಟ್ಟಿ ಕೊಡುತ್ತಾನೆ, ನಿಜ. ಹಲಗೆ ಬಿಟ್ಟಿ ಬರುವುದಿಲ್ಲ.

ಪೆನ್ಸಿಲ್ ಹಿಡಿದು ಕೂರಿ. 3 ಕಿಲೋವ್ಯಾಟಿನ ಖರ್ಚು 1,80,000 ಅಂತ ಇಟ್ಟುಕೊಳ್ಳಿ. ಸಹಾಯಧನ ಕಳೆದರೆ 1,02,000 ಸಾಲ. ನೂರಕ್ಕೆ 7ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ಕಂತು ಮಾಡಿದರೆ ತಿಂಗಳಿಗೆ ಸುಮಾರು 1,180 ರೂಪಾಯಿ. ಈಗ ನಿಮ್ಮ ಮನೆಯ ಬಿಲ್ ತೆಗೆದು ನೋಡಿ. ತಿಂಗಳಿಗೆ 80 ಯೂನಿಟ್ ಸುಡುವ ಮನೆಗೆ, ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ, ಆಗುವುದು 480. ಇನ್ನೊಂದು ವಿಷಯ: ರಾಜ್ಯದಲ್ಲಿ 2023ರ ಆಗಸ್ಟಿನಲ್ಲಿ ಗೃಹಜ್ಯೋತಿ ಬಂತು. 2022-23ರ ಸರಾಸರಿ ಬಳಕೆಯ ಮೇಲೆ ನೂರಕ್ಕೆ ಹತ್ತು ಸೇರಿಸಿ, 200 ಯೂನಿಟ್ ಮೀರದಂತೆ, ಅಷ್ಟಕ್ಕೆ ಬಿಲ್ ಇಲ್ಲ ಎಂಬುದು ಆಗ ಮಾಡಿದ ಲೆಕ್ಕ. ಸೊನ್ನೆ ಬಿಲ್ ಬರುವ ಮನೆಯವರು ಸೋಲಾರ್ ಹಾಕಿಸಿದರೆ ಉಳಿಯುವುದು ಯಾರ ಹಣ? ಸರ್ಕಾರ ವಿದ್ಯುತ್ ಕಂಪನಿಗೆ ಕಟ್ಟಬೇಕಾದ ಹಣ. ಕಂತು ಕಟ್ಟುವವನು ಯಾರು? ನೀವು.

ಹೆಚ್ಚಾದ ಕರೆಂಟ್ ಮಾರಿ ಕಂತು ಕಟ್ಟಬಹುದು ಅಂತ ಏಜೆಂಟ್ ಹೇಳುತ್ತಾನೆ. ಕಂಪನಿ ಕೊಳ್ಳುವ ದರ ಬೇರೆ, ನಮಗೆ ಮಾರುವ ದರ ಬೇರೆ. ಕೊಳ್ಳುವ ದರ ಕಡಿಮೆ. ಮಂಡಿಯಲ್ಲಿ ನಾವು ನೋಡಿದ ಕಥೆಯೇ ಇದು. ದರ ಎಷ್ಟು, ಎಷ್ಟು ವರ್ಷಕ್ಕೆ ಎಂದು ಕರಾರಿನಲ್ಲಿ ಓದಿ. ಇನ್ನೂ ಒಂದು ಮಾತು ಅವನು ಹೇಳುವುದಿಲ್ಲ. ಬ್ಯಾಟರಿಯಿಲ್ಲದ ಈ ಸೋಲಾರ್, ಲೈನಿನಲ್ಲಿ ಕರೆಂಟ್ ಹೋದಾಗ ತಾನೂ ನಿಂತುಬಿಡುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಷಾಕ್ ಹೊಡೆಯದಿರಲಿ ಅಂತ ಹಾಗೆ ಮಾಡಿರುವುದು, ಸರಿಯಾದದ್ದೇ. ಆದರೆ ಹಗಲು ಹೊತ್ತು ಕರೆಂಟ್ ಇರದ ಹಳ್ಳಿಯಲ್ಲಿ ಬಿಸಿಲಿದ್ದೂ ಹಲಗೆ ಸುಮ್ಮನೆ ಕೂರುತ್ತದೆ, ಕಂತು ಸುಮ್ಮನೆ ಕೂರುವುದಿಲ್ಲ.

ಹಾಗಾದರೆ ಸೋಲಾರ್ ಬೇಡವೇ? ಬೇಕಾದವರಿಗೆ ಬೇಕು. ತಿಂಗಳಿಗೆ 250-300 ಯೂನಿಟ್ ಸುಡುವ ಮನೆ, ಹಾಲು ತಂಪು ಮಾಡುವ ಯಂತ್ರ, ಗಿರಣಿ, ಅಂಗಡಿ ಇರುವವರಿಗೆ ಕಂತು ಬಿಲ್ಲಿನಲ್ಲೇ ತೀರಬಹುದು. ಕೈಯಲ್ಲಿ ಹಣವಿದ್ದು ಹಾಕಿಸುವವನ ಲೆಕ್ಕ ಬೇರೆ, ಬೆಳೆಸಾಲ ನವೀಕರಿಸಲಾಗದೆ ಒದ್ದಾಡುವವನ ಲೆಕ್ಕ ಬೇರೆ. ಸೊಸೈಟಿ ಸಾಲ, ಒಡವೆ ಸಾಲ, ಸ್ವಸಹಾಯ ಸಂಘದ ಸಾಲದ ಮೇಲೆ ಇನ್ನೊಂದನ್ನು 'ಉಳಿತಾಯ' ಅನ್ನೋ ಹೆಸರಲ್ಲಿ ಹೇರಿಕೊಳ್ಳಬೇಡಿ. ಮಳೆ ಕೈಕೊಟ್ಟ ವರ್ಷವೂ ಆ ಕಂತು ಬರುತ್ತದೆ.

ಸಹಿ ಮಾಡುವ ಮುಂಚೆ

ಯಾವುದೇ ಇಂಧನ ಉಳಿಸುವ ಸಾಮಾನು ಮನೆ ಬಾಗಿಲಿಗೆ ಬಂದಾಗ ಈ ಐದು ಪ್ರಶ್ನೆ ಕೇಳಿ.

ಒಂದು: ನನ್ನ ಮನೆಯಲ್ಲಿ ಈಗ ತಿಂಗಳಿಗೆ ಎಷ್ಟು ಖರ್ಚಾಗುತ್ತಿದೆ? ಹನ್ನೆರಡು ತಿಂಗಳ ಬಿಲ್, ಸಿಲಿಂಡರ್ ಚೀಟಿ ಕೈಯಲ್ಲಿ ಹಿಡಿದು ಹೇಳಿ.

ಎರಡು: ಉಳಿಯುವ ಹಣ ನನ್ನ ಕೈಗೆ ಬರುತ್ತದೆಯೋ, ಇನ್ನೊಬ್ಬರ ಕೈಗೋ?

ಮೂರು: ಕೆಟ್ಟಾಗ ರಿಪೇರಿ ಮಾಡುವವನು ಯಾವ ಊರಲ್ಲಿದ್ದಾನೆ, ಎಷ್ಟು ದಿನಕ್ಕೆ ಬರುತ್ತಾನೆ? ಹೆಸರನ್ನು ಕಾಗದದಲ್ಲಿ ಬರೆಸಿ.

ನಾಲ್ಕು: ಇದರಿಂದ ಮನೆಯ ಗಾಳಿಗೆ ಏನಾಗುತ್ತದೆ? ಹೊಗೆ, ಅನಿಲ ಎಲ್ಲಿಂದ ಹೊರಗೆ ಹೋಗುತ್ತದೆ?

ಐದು: ಇದರ ಕೆಲಸ ಯಾರ ಮೇಲೆ ಬೀಳುತ್ತದೆ? ಅವರನ್ನು ಕೇಳಿದ್ದೀರಾ? ಒಲೆಯ ಮುಂದೆ ಕೂರುವವಳು ಒಪ್ಪದ ಒಲೆ ಮೂರು ತಿಂಗಳಲ್ಲಿ ಕೋಳಿಗೂಡಾಗುತ್ತದೆ.

ಐದಕ್ಕೂ ಸರಿಯಾದ ಉತ್ತರ ಸಿಕ್ಕರೆ ಧೈರ್ಯವಾಗಿ ಹಾಕಿಸಿ. ಒಂದಕ್ಕೆ ಸಿಗದಿದ್ದರೂ 'ಮುಂದಿನ ಸುಗ್ಗಿಗೆ ನೋಡೋಣ' ಅಂತ ಏಜೆಂಟನಿಗೆ ಒಂದು ಲೋಟ ಕಾಫಿ ಕೊಟ್ಟು ಕಳಿಸಿ. ನಮ್ಮಲ್ಲಿ ಮರ್ಯಾದೆಗೆ ಕೊರತೆಯಿಲ್ಲ.

ಊರಿಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಮುಂದಿನ ತಿಂಗಳ ಸಭೆಗೆ ಹತ್ತು ಮನೆಯವರು ತಮ್ಮ ಬಿಲ್ಲು, ಸಿಲಿಂಡರ್ ಚೀಟಿ, ಸೌದೆಯ ಖರ್ಚು, ಸಾಲದ ಕಂತು ತಂದು ಒಂದೇ ಹಲಗೆಯ ಮೇಲೆ ಬರೆಯಲಿ. ಅವತ್ತು ಹೆಣ್ಣುಮಕ್ಕಳನ್ನೂ ಕರೆಯಿರಿ, ಅರ್ಧ ಲೆಕ್ಕ ಅವರ ಬಳಿ ಇದೆ. ಬೆಲೆಯ ಲೆಕ್ಕ ಕೇಳುವ ರೈತ ತನ್ನ ಮನೆಯ ಲೆಕ್ಕವನ್ನೂ ಬರೆದಿಟ್ಟುಕೊಂಡಿದ್ದರೆ, ಅಧಿಕಾರಿಯ ಮುಂದೆ ಆಡುವ ಮಾತಿಗೆ ತೂಕ ಬರುತ್ತದೆ.